ಓಎಎಸ್-1 ವಂಶವಾಹಿ: ಕಾವಲೂ ಅದೇ, ಕಡಿವಾಣವೂ ಅದೇ

ಮನುಷ್ಯನ 12ನೇ ವರ್ಣತಂತುವಿನಲ್ಲಿ ಓಎಎಸ್-1 ಎಂಬ ವಂಶವಾಹಿ, ಅಂದರೆ ಜೀನ್ ಇದೆ. ವೈರಸ್ ಜೀವಕೋಶದೊಳಗೆ ನುಗ್ಗಿದಾಗ ಅದರ ಜೋಡಿ ಎಳೆಯ ಆರ್‌ಎನ್‌ಎಯನ್ನು ಈ ಜೀನ್ ತಯಾರಿಸುವ ಕಿಣ್ವ ಗುರುತಿಸಿ, ಆರ್‌ಎನ್‌ಏಸ್-ಎಲ್ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಅದು ಆರ್‌ಎನ್‌ಎಯನ್ನು ತುಂಡರಿಸಿ ವೈರಸ್ ಬೆಳೆಯದಂತೆ ತಡೆಯುತ್ತದೆ.

ಈ ಜೀನ್ ಎಲ್ಲರಲ್ಲೂ ಒಂದೇ ರೂಪದಲ್ಲಿಲ್ಲ. ನಿಯಾಂಡರ್ತಲ್ ಮಾನವರಿಂದ ಬಂದ ರೂಪದ ಒಂದು ಪ್ರತಿ ಇದ್ದರೂ ತೀವ್ರ ಕೋವಿಡ್‌ನ ಅಪಾಯ ಸುಮಾರು ಶೇ. 22ರಷ್ಟು ತಗ್ಗುತ್ತದೆ ಎಂದು ಹ್ಯೂಗೋ ಜೆಬರ್ಗ್ ಮತ್ತು ಸ್ವಾಂತೆ ಪೇಬೊ 2021ರಲ್ಲಿ ತೋರಿಸಿದರು.

ಕೋವಿಡ್ ಬಂದು ಹೋದ ಮೇಲೆ ಕೆಲವು ಮಕ್ಕಳಲ್ಲಿ ಹಲವು ಅಂಗಗಳಿಗೆ ಒಟ್ಟಿಗೆ ಉರಿಯೂತವಾಗುತ್ತದೆ. ಇದೇ ಎಂಐಎಸ್-ಸಿ. ಇಂಥ 558 ಮಕ್ಕಳನ್ನು ಪರೀಕ್ಷಿಸಿದ 2023ರ ಅಧ್ಯಯನದಲ್ಲಿ ಐವರಿಗೆ ಓಎಎಸ್-1, ಓಎಎಸ್-2 ಅಥವಾ ಆರ್‌ಎನ್‌ಏಸ್-ಎಲ್ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ದೇಹದ ಪ್ರತಿರೋಧ ಮಿತಿಮೀರದಂತೆ ಹಿಡಿಯುವುದೂ ಇವುಗಳ ಕೆಲಸ ಎಂದು ಇದರಿಂದ ತಿಳಿಯಿತು.

ನಂದವರಂ, ಎಮ್ಮಿಗನೂರು, ಆದವಾನಿ ಕಡೆಯ ನಮ್ಮ ಮನೆಗಳಲ್ಲಿ ಸೋದರಮಾವ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ಹತ್ತಿರದ ರಕ್ತಸಂಬಂಧದಲ್ಲಿ ಒಂದೇ ದೋಷ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಈ ದೋಷ ತೀರ ಅಪರೂಪ, ಹೆದರಬೇಕಿಲ್ಲ. ಆದರೆ ಕೋವಿಡ್ ವಾಸಿಯಾದ ಕೆಲವು ವಾರಗಳಲ್ಲಿ ಮಗುವಿಗೆ ಬಿಡದ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಹೊಟ್ಟೆನೋವು ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸೋಣ. ಮನೆಯ ರಕ್ತಸಂಬಂಧದ ವಿಷಯವನ್ನೂ ಮುಚ್ಚಿಡದೆ ಹೇಳೋಣ.