ಕೊಳವೆಗೆ ತಂತಿ ಕೂಡುವ ಜಾಗ: ಬೆಂಗಳೂರಿನ ಆಂಟೆನಾಗಳ ಚರಿತ್ರೆ

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ನಂತರದ ವರ್ಷಗಳಲ್ಲಿ, ಆಗಿನ್ನೂ ಕೆರೆ ಗದ್ದೆಗಳ ಹಳ್ಳಿಯಾಗಿದ್ದ ಬೆಳ್ಳಂದೂರಿನಂಥ ಹೊರವಲಯದ ಊರುಗಳ ಮಾಳಿಗೆಗಳ ಮೇಲೂ ಮೀನಿನ ಮುಳ್ಳಿನಂತೆ ಜೋಡಿಸಿದ ಅಲ್ಯೂಮಿನಿಯಂ ಕೊಳವೆಗಳು ಏರಿದವು, ಜೆ.ಸಿ. ನಗರದ ಟಿ.ವಿ. ಗೋಪುರ ಬೆಳ್ಳಂದೂರಿಗೆ ವಾಯವ್ಯದಲ್ಲಿರುವುದರಿಂದ ಅಲ್ಲಿನವು ಆ ದಿಕ್ಕಿಗೇ ಮುಖಮಾಡಬೇಕಿತ್ತು. ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರ ಹೊತ್ತಿಗೆ ರೂಪಿಸಿದ ಈ ಆಂಟೆನಾದಲ್ಲಿ ತಂತಿಯ ಸಂಪರ್ಕವಿರುವುದು ಒಂದೇ ಕೊಳವೆಗೆ, ಅಂದರೆ ದ್ವಿಧ್ರುವಕ್ಕೆ. ಹಿಂದಿನ ರಿಫ್ಲೆಕ್ಟರ್ ಮತ್ತು ಮುಂದಿನ ಡೈರೆಕ್ಟರ್‌ಗಳು ಯಾವ ತಂತಿಯನ್ನೂ ಮುಟ್ಟದೆ ಅಲೆಗಳನ್ನು ಒಂದು ದಿಕ್ಕಿಗೆ ಕೂಡಿಸುತ್ತವೆ. ಹೆಸರು ಮಾತ್ರ ಯಾಗಿಗೆ ದಕ್ಕಿತು, ಹೆಚ್ಚಿನ ದುಡಿಮೆ ಉದಾ ಅವರದಾಗಿದ್ದರೂ.

ಮನೆಯವರು ಕೊಳವೆಗಳ ಎಣಿಕೆಯನ್ನೇ ಗಮನಿಸುತ್ತಿದ್ದರಾದರೂ, ಚಿತ್ರದ ಗುಣ ಬಹುಪಾಲು ನಿರ್ಧಾರವಾಗುತ್ತಿದ್ದುದು ತಂತಿ ಕೂಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ. ಪರ್ಯಾಯ ವಿದ್ಯುತ್ತಿಗೆ ಮಂಡಲವೊಂದು ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು, ಅದರ ಅಳತೆ ಓಮ್‌ಗಳಲ್ಲಿ. ಆಂಟೆನಾ ಮತ್ತು ತಂತಿಗಳ ಇಂಪೀಡೆನ್ಸ್ ಒಂದಕ್ಕೊಂದು ಹೊಂದದಿದ್ದರೆ ಸಂಕೇತದ ಒಂದು ಪಾಲು ಮರಳಿಹೋಗುತ್ತದೆ, ತಂತಿಯ ಎರಡೂ ತುದಿಗಳಲ್ಲಿ ಹೀಗಾದರೆ ತೆರೆಯ ಮೇಲೆ ಆಕೃತಿಗಳಿಗೆ ನೆರಳಿನ ಅಂಚು ಮೂಡುತ್ತದೆ. ಒಂಟಿಯಾಗಿ ನಿಂತ ಅರ್ಧತರಂಗದ ದ್ವಿಧ್ರುವದ ಇಂಪೀಡೆನ್ಸ್ ಸುಮಾರು 73 ಓಮ್. ಅದೇ ಕೊಳವೆಯನ್ನು ಉದ್ದನೆಯ ಬಳೆಯಂತೆ ಮಡಿಸಿದರೆ ಅದು ನಾಲ್ಕು ಪಟ್ಟಾಗಿ, 300 ಓಮ್‌ನ ಚಪ್ಪಟೆ ರಿಬ್ಬನ್ ತಂತಿಗೆ ಹೆಚ್ಚುಕಡಿಮೆ ಸರಿಹೊಂದುತ್ತಿತ್ತು. ರಿಬ್ಬನ್ ಅಗ್ಗವಾಗಿತ್ತು, ಆದರೆ ಮಳೆಯಲ್ಲಿ ನೆನೆದರೆ ಕೆಡುತ್ತಿತ್ತು. ಆದ್ದರಿಂದ ಜಾಲರಿ ಹೊದಿಕೆಯ 75 ಓಮ್‌ನ ಕೇಬಲ್ ಬಂದಾಗ, ನಡುವೆ ಬಾಲನ್ ಎಂಬ ಜೋಡಣೆ ಬೇಕಾಯಿತು. ಕೇಬಲ್ಲಿನದೇ ಒಂದು ತುಂಡನ್ನು ಅರ್ಧತರಂಗದ ಉದ್ದಕ್ಕೆ, 175 ಮೆಗಾಹರ್ಟ್ಸ್‌ನ ಸಂಕೇತಕ್ಕಾದರೆ ಸುಮಾರು 57 ಸೆಂಟಿಮೀಟರಿಗೆ ಕತ್ತರಿಸಿ, ಕುಣಿಕೆಯಂತೆ ಬಾಗಿಸಿ ಮಡಿಸಿದ ಕೊಳವೆಯ ಎರಡು ತುದಿಗಳಿಗೆ ಬೆಸೆದರೆ 300 ಓಮ್ 75ಕ್ಕೆ ಇಳಿಯುತ್ತದೆ. ಕೇಬಲ್ಲಿನೊಳಗೆ ಅಲೆ ಗಾಳಿಯಲ್ಲಿಗಿಂತ ನಿಧಾನವಾಗಿ ಸಾಗುವುದನ್ನು ಲೆಕ್ಕಕ್ಕೆ ಹಿಡಿಯದವರ ಕುಣಿಕೆ ಮೂವತ್ತು ಸೆಂಟಿಮೀಟರಿನಷ್ಟು ಹೆಚ್ಚು ಉದ್ದವಾಗಿಬಿಡುತ್ತದೆ.

ಹವ್ಯಾಸಿ ರೇಡಿಯೋ ಬಳಗದಲ್ಲಿ, ಅದರಲ್ಲೂ 1959ರಲ್ಲಿ ಹುಟ್ಟಿದ ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ಬಿನಂಥ ಸಂಘಗಳ ಲೋಕದಲ್ಲಿ, ಬೇರೊಂದು ವಿಧಾನವೂ ಬಳಕೆಯಲ್ಲಿದೆ. ಗಾಮಾ ಮ್ಯಾಚ್ ಎಂಬ ಈ ವಿಧಾನದಲ್ಲಿ ಕೊಳವೆಯನ್ನು ನಡುವೆ ಕತ್ತರಿಸದೆ, ಕೇಬಲ್ಲಿನ ಜಾಲರಿಯನ್ನು ಅದರ ಮಧ್ಯಕ್ಕೆ ಕಟ್ಟಿ, ಒಳತಂತಿಯನ್ನು ಕೆಪಾಸಿಟರ್ ಒಂದರ ಮೂಲಕ ಪಕ್ಕದ ಸಣ್ಣ ಸಲಾಕೆಗೆ ಸೇರಿಸುತ್ತಾರೆ. ಸಲಾಕೆಯನ್ನು ಕೊಳವೆಗೆ ಕೂಡಿಸುವ ಪಟ್ಟಿಯನ್ನು ಅತ್ತಿತ್ತ ಸರಿಸುತ್ತ, ಮರಳಿಬರುವ ಶಕ್ತಿಯನ್ನು ಮೀಟರಿನಲ್ಲಿ ನೋಡುತ್ತ ಹೊಂದಾಣಿಕೆ ಹುಡುಕುವುದು ತಾಳ್ಮೆಯ ಕೆಲಸ.

ತಂತಿ ಕೂಡಿಸುವ ಇದೇ ಸಮಸ್ಯೆ ಗೌರಿಬಿದನೂರಿನಲ್ಲಿ ಸಾವಿರ ಪಟ್ಟು ಬೆಳೆದು ನಿಂತಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ ಅಲ್ಲಿ ನಿರ್ಮಿಸಿದ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸುವ ದೂರದರ್ಶಕದಲ್ಲಿ ಯಾಗಿ ಆಂಟೆನಾದ ಸುಮ್ಮನಿರುವ ಕೊಳವೆಗಳಿಗೆ ಜಾಗವಿರಲಿಲ್ಲ: ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ 1000 ದ್ವಿಧ್ರುವಗಳಿಗೂ, ಪೂರ್ವ-ಪಶ್ಚಿಮದ ತೋಳಿನಲ್ಲಿ 640ಕ್ಕೆ ಮತ್ತು ದಕ್ಷಿಣದ ತೋಳಿನಲ್ಲಿ 360ಕ್ಕೆ, ತಂತಿಯ ಸಂಪರ್ಕ ಬೇಕಿತ್ತು. ಸುಮಾರು 1.4 ಕಿಲೋಮೀಟರ್ ಉದ್ದದ ತೋಳಿನ ಎರಡು ಕೊನೆಗಳಿಂದ ಬಂದ ಸಂಕೇತಗಳೂ ತಾಳ ತಪ್ಪದೆ ಕೂಡಬೇಕಿತ್ತು. ದ್ವಿಧ್ರುವಗಳನ್ನು ಅಲುಗಿಸದೆಯೇ, ಸಂಕೇತಗಳ ನಡುವಿನ ಹಿಂದುಮುಂದನ್ನು ವಿದ್ಯುನ್ಮಂಡಲಗಳಲ್ಲಿ ಬದಲಿಸಿ ಆಂಟೆನಾದ ನೋಟವನ್ನು ಉತ್ತರಕ್ಕೋ ದಕ್ಷಿಣಕ್ಕೋ ವಾಲಿಸಲಾಗುತ್ತಿತ್ತು.