ನೆಟ್‌ವರ್ಕ್ ಪ್ರಿಂಟರ್

ನೆಟ್‌ವರ್ಕ್ ಪ್ರಿಂಟರ್ ಅಥವಾ ಜಾಲ ಮುದ್ರಕ ಎಂದರೆ ಒಂದೇ ಗಣಕಯಂತ್ರಕ್ಕೆ ಸೀಮಿತವಾಗದೆ, ಗಣಕಜಾಲದ ಮೂಲಕ ಹಲವು ಗಣಕಯಂತ್ರಗಳಿಗೆ ಸೇವೆ ಒದಗಿಸುವ ಮುದ್ರಣ ಸಾಧನ. ಕಚೇರಿ, ಕಾಲೇಜು, ಆಸ್ಪತ್ರೆ, ಬ್ಯಾಂಕು ಮೊದಲಾದ ಕಡೆಗಳಲ್ಲಿ ಪ್ರತಿಯೊಂದು ಮೇಜಿಗೂ ಒಂದೊಂದು ಮುದ್ರಕವನ್ನು ಇಡುವ ಬದಲು, ಒಂದು ವಿಭಾಗಕ್ಕೆ ಒಂದು ಅಥವಾ ಎರಡು ದೊಡ್ಡ ಮುದ್ರಕಗಳನ್ನು ಜಾಲಕ್ಕೆ ಜೋಡಿಸಿ ಎಲ್ಲರೂ ಹಂಚಿಕೊಳ್ಳುವುದು ರೂಢಿ. ಇದರಿಂದ ಯಂತ್ರ, ಟೋನರ್ ಮತ್ತು ನಿರ್ವಹಣೆಯ ವೆಚ್ಚ ಉಳಿಯುತ್ತದೆ.

ಜಾಲ ಮುದ್ರಕವು ಹೊರನೋಟಕ್ಕೆ ಸಾಮಾನ್ಯ ಮುದ್ರಕದಂತೆ ಕಂಡರೂ ಅದು ಸ್ವತಃ ಒಂದು ಗಣಕಯಂತ್ರವಾಗಿರುತ್ತದೆ. ಅದಕ್ಕೆ ತನ್ನದೇ ಆದ ಸಂಸ್ಕಾರಕ, ಸ್ಮೃತಿ, ಜಾಲದ ವಿಳಾಸ ಹಾಗೂ ಒಳಗಿನ ತಂತ್ರಾಂಶ ಇರುತ್ತವೆ. ಆದುದರಿಂದ ಅದನ್ನು ಸ್ಥಾಪಿಸುವ ಕೆಲಸವು ತಂತಿ ಜೋಡಿಸುವುದರೊಂದಿಗೆ ಮುಗಿಯುವುದಿಲ್ಲ. ಅದಕ್ಕೆ ಸ್ಥಿರವಾದ ವಿಳಾಸ ನೀಡುವುದು, ಗಣಕಯಂತ್ರಗಳಿಗೆ ಅದರ ದಾರಿ ತಿಳಿಸುವುದು, ಯಾರು ಬಳಸಬಹುದು ಎಂಬುದನ್ನು ನಿರ್ಧರಿಸುವುದು ಮತ್ತು ಉಳಿದ ಗಣಕಯಂತ್ರಗಳಂತೆ ಅದನ್ನೂ ರಕ್ಷಿಸುವುದು ಈ ಕೆಲಸದ ಭಾಗಗಳಾಗಿವೆ.

ಇತಿಹಾಸ

ಜಾಲ ಮುದ್ರಣದ ಬೇರುಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿವೆ. ಅಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ನಕಲು ಯಂತ್ರವೊಂದನ್ನು ಮಾರ್ಪಡಿಸಿ ಲೇಸರ್ ಮುದ್ರಕವನ್ನು ರೂಪಿಸಿದರು. 1973ರಲ್ಲಿ ಅದೇ ಕೇಂದ್ರದಲ್ಲಿ ಆಲ್ಟೊ ಗಣಕಯಂತ್ರವು ಸಿದ್ಧವಾಯಿತು. ಆ ವರ್ಷವೇ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್‌ನ ಕಲ್ಪನೆಯನ್ನು ಮುಂದಿಟ್ಟರು. ದುಬಾರಿಯಾದ ಲೇಸರ್ ಮುದ್ರಕವನ್ನು ಹಲವು ಆಲ್ಟೊ ಗಣಕಯಂತ್ರಗಳು ಹಂಚಿಕೊಳ್ಳಬೇಕೆಂಬ ಅಗತ್ಯವು ಈಥರ್ನೆಟ್‌ನ ಬೆಳವಣಿಗೆಗೆ ಒಂದು ಕಾರಣವಾಯಿತು.

ಹಂಚಿಕೊಂಡ ಮುದ್ರಕವೇ ಇನ್ನೊಂದು ಮಹತ್ವದ ಬೆಳವಣಿಗೆಗೂ ನೆಪವಾಯಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಜಾಲಕ್ಕೆ ಜೋಡಿಸಿದ್ದ ಮುದ್ರಕವು ಬಳಕೆದಾರರಿಂದ ದೂರದಲ್ಲಿತ್ತು. ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆ ಸೂಚನೆ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಹಳೆಯ ಮುದ್ರಕದ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಬಂದ ಹೊಸ ಲೇಸರ್ ಮುದ್ರಕದ ಮೂಲ ಸಂಕೇತ ಅವರಿಗೆ ದೊರೆಯದೆ ಹೋದುದರಿಂದ ಅದೇ ಸೌಲಭ್ಯವನ್ನು ಅಲ್ಲಿ ಅಳವಡಿಸಲಾಗಲಿಲ್ಲ. 1983ರಲ್ಲಿ ತಾವು ಆರಂಭಿಸಿದ ಗ್ನೂ ಯೋಜನೆ ಮತ್ತು ಸ್ವತಂತ್ರ ತಂತ್ರಾಂಶ ಚಳವಳಿಗೆ ಪ್ರೇರಣೆಯಾದ ಘಟನೆಗಳಲ್ಲಿ ಇದನ್ನೂ ಸ್ಟಾಲ್‌ಮನ್ ಹೆಸರಿಸಿದ್ದಾರೆ.

1985ರಲ್ಲಿ ಆಪಲ್ ಸಂಸ್ಥೆಯ ಲೇಸರ್‌ರೈಟರ್ ಮುದ್ರಕವು ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೊಂದಿಗೆ ಬಂದು, ಸಣ್ಣ ಕಚೇರಿಗಳಲ್ಲಿಯೂ ಹಲವು ಗಣಕಯಂತ್ರಗಳು ಒಂದು ಮುದ್ರಕವನ್ನು ಹಂಚಿಕೊಳ್ಳುವುದನ್ನು ಸಾಧ್ಯವಾಗಿಸಿತು. 1991ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯು ಜೆಟ್‌ಡೈರೆಕ್ಟ್ ಎಂಬ ಜಾಲ ಸಾಧನವನ್ನು ಹೊರತಂದಿತು. ಇದರ ನೆರವಿನಿಂದ ಮುದ್ರಕವು ಮಧ್ಯೆ ಯಾವ ಗಣಕಯಂತ್ರವೂ ಇಲ್ಲದೆ ನೇರವಾಗಿ ಜಾಲಕ್ಕೆ ಸೇರತೊಡಗಿತು. 2010ರಲ್ಲಿ ಆಪಲ್‌ನ ಏರ್‌ಪ್ರಿಂಟ್ ಮೊಬೈಲ್ ಫೋನುಗಳಿಂದ ಮುದ್ರಿಸುವುದನ್ನು ಸುಲಭಗೊಳಿಸಿತು. 2013ರಲ್ಲಿ ಕ್ಯಾನನ್, ಹ್ಯೂಲೆಟ್ ಪ್ಯಾಕರ್ಡ್, ಸ್ಯಾಮ್‌ಸಂಗ್ ಮತ್ತು ಜೆರಾಕ್ಸ್ ಸಂಸ್ಥೆಗಳು ಸೇರಿ ಇದೇ ಉದ್ದೇಶಕ್ಕಾಗಿ ಮೋಪ್ರಿಯಾ ಒಕ್ಕೂಟವನ್ನು ಸ್ಥಾಪಿಸಿದವು.

ಜೋಡಣೆಯ ವಿಧಗಳು

ಕಚೇರಿಯಲ್ಲಿ ಮುದ್ರಕವನ್ನು ಹಂಚಿಕೊಳ್ಳಲು ಮುಖ್ಯವಾಗಿ ಮೂರು ವಿಧಾನಗಳಿವೆ.

ಹಂಚಿದ ಮುದ್ರಕ: ಇದರಲ್ಲಿ ಮುದ್ರಕವನ್ನು ಯುಎಸ್‌ಬಿ ತಂತಿಯಿಂದ ಒಂದು ಗಣಕಯಂತ್ರಕ್ಕೆ ಜೋಡಿಸಿ, ಆ ಗಣಕಯಂತ್ರದ ಮೂಲಕ ಉಳಿದವರಿಗೆ ಬಳಸಲು ಬಿಡಲಾಗುತ್ತದೆ. ಇದು ಅಗ್ಗದ ಮಾರ್ಗ. ಆದರೆ ಆ ಗಣಕಯಂತ್ರವನ್ನು ಬಳಸುವವರು ಅದನ್ನು ಆರಿಸಿ ಮನೆಗೆ ಹೋದರೆ ಉಳಿದವರ ಮುದ್ರಣವೂ ನಿಲ್ಲುತ್ತದೆ.

ನೇರ ಜೋಡಣೆ: ಇದರಲ್ಲಿ ಮುದ್ರಕವು ಈಥರ್ನೆಟ್ ತಂತಿ ಅಥವಾ ವೈ-ಫೈ ಮೂಲಕ ತಾನೇ ಜಾಲವನ್ನು ಸೇರುತ್ತದೆ. ಪ್ರತಿಯೊಂದು ಗಣಕಯಂತ್ರವೂ ಅದರ ವಿಳಾಸಕ್ಕೆ ನೇರವಾಗಿ ಕಡತ ಕಳುಹಿಸುತ್ತದೆ. ಹತ್ತು ಹದಿನೈದು ಗಣಕಯಂತ್ರಗಳಿರುವ ಕಚೇರಿಗೆ ಇದು ಸಾಕಾಗುತ್ತದೆ.

ಮುದ್ರಣ ಸರ್ವರ್: ಇದರಲ್ಲಿ ಎಲ್ಲ ಗಣಕಯಂತ್ರಗಳೂ ತಮ್ಮ ಕಡತಗಳನ್ನು ಒಂದು ಸರ್ವರ್‌ಗೆ ಕಳುಹಿಸುತ್ತವೆ. ಸರ್ವರ್ ಅವುಗಳನ್ನು ಸರತಿಯಲ್ಲಿ ಇರಿಸಿ ಮುದ್ರಕಕ್ಕೆ ರವಾನಿಸುತ್ತದೆ. ಯಾರು ಎಷ್ಟು ಪುಟ ಮುದ್ರಿಸಿದರು ಎಂಬ ಲೆಕ್ಕ, ಬಣ್ಣದ ಮುದ್ರಣಕ್ಕೆ ಮಿತಿ, ಎಲ್ಲರಿಗೂ ಒಂದೇ ಬಗೆಯ ಹೊಂದಾಣಿಕೆ ಮುಂತಾದ ಅನುಕೂಲಗಳು ಇದರಲ್ಲಿವೆ. ಆದರೆ ಸರ್ವರ್ ಕೆಟ್ಟರೆ ಇಡೀ ಕಚೇರಿಯ ಮುದ್ರಣ ಸ್ಥಗಿತಗೊಳ್ಳುತ್ತದೆ.

ಕಾರ್ಯವಿಧಾನ

ಬಳಕೆದಾರರು ಮುದ್ರಣದ ಆದೇಶ ನೀಡಿದಾಗ ಕಡತವು ಇದ್ದ ರೂಪದಲ್ಲಿಯೇ ಮುದ್ರಕಕ್ಕೆ ಹೋಗುವುದಿಲ್ಲ. ಗಣಕಯಂತ್ರದಲ್ಲಿರುವ ಡ್ರೈವರ್ ಎಂಬ ಚಾಲಕ ತಂತ್ರಾಂಶವು ಅದನ್ನು ಮುದ್ರಕಕ್ಕೆ ಅರ್ಥವಾಗುವ ಪುಟ ವಿವರಣಾ ಭಾಷೆಗೆ ಪರಿವರ್ತಿಸುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ರೂಪಿಸಿದ ಪಿಸಿಎಲ್ ಇಂತಹ ಭಾಷೆಗಳು. ಪಿಡಿಎಫ್ ಕಡತವನ್ನು ನೇರವಾಗಿ ಓದಬಲ್ಲ ಮುದ್ರಕಗಳೂ ಇವೆ.

ಪರಿವರ್ತಿತ ಕಡತವನ್ನು ಸ್ಪೂಲರ್ ಎಂಬ ಸೇವೆಯು ಸರತಿಯಲ್ಲಿ ಇರಿಸುತ್ತದೆ. ಮುದ್ರಣವು ನಿಧಾನದ ಕೆಲಸವಾದ್ದರಿಂದ, ಅದು ಮುಗಿಯುವವರೆಗೆ ಬಳಕೆದಾರರು ಕಾಯದಿರಲಿ ಎಂಬುದೇ ಈ ಏರ್ಪಾಡಿನ ಉದ್ದೇಶ. ಸರತಿಯ ಮೊದಲ ಕಡತ ಕೆಟ್ಟಿದ್ದರೆ ಅದರ ಹಿಂದಿರುವ ಎಲ್ಲ ಕಡತಗಳೂ ಕಾಯಬೇಕಾಗುತ್ತದೆ.

ಪ್ರೋಟೋಕಾಲ್‌ಗಳು

ಗಣಕಯಂತ್ರವೂ ಮುದ್ರಕವೂ ಮಾತನಾಡಿಕೊಳ್ಳುವ ಕ್ರಮಕ್ಕೆ ಪ್ರೋಟೋಕಾಲ್ ಎಂದು ಹೆಸರು. ಪ್ರತಿಯೊಂದು ಪ್ರೋಟೋಕಾಲ್‌ಗೂ ಪೋರ್ಟ್ ಎಂಬ ಬಾಗಿಲಿನ ಸಂಖ್ಯೆ ಇರುತ್ತದೆ.

ಎಲ್‌ಪಿಡಿ: ಬರ್ಕ್ಲಿ ಯುನಿಕ್ಸ್‌ನಲ್ಲಿ ಬೆಳೆದ ಹಳೆಯ ಪ್ರೋಟೋಕಾಲ್. ಇದರ ವಿವರಣೆ 1990ರಲ್ಲಿ ಪ್ರಕಟವಾಯಿತು. ಪೋರ್ಟ್ ಸಂಖ್ಯೆ 515.

ಕಚ್ಚಾ ಮುದ್ರಣ: ಜೆಟ್‌ಡೈರೆಕ್ಟ್‌ನಿಂದ ರೂಢಿಗೆ ಬಂದ ಸರಳ ವಿಧಾನ. ಪೋರ್ಟ್ 9100ಕ್ಕೆ ಬಂದ ದತ್ತಾಂಶವನ್ನು ಮುದ್ರಕವು ಹಾಗೆಯೇ ಸ್ವೀಕರಿಸುತ್ತದೆ. ಕಳುಹಿಸಿದವರು ಯಾರೆಂದು ಇದರಲ್ಲಿ ಪರಿಶೀಲಿಸಲಾಗುವುದಿಲ್ಲ.

ಐಪಿಪಿ: ಅಂತರಜಾಲ ಮುದ್ರಣ ಪ್ರೋಟೋಕಾಲ್. ಇದರ ಮೊದಲ ಆವೃತ್ತಿಯ ವಿವರಣೆ 1999ರಲ್ಲಿ ಪ್ರಕಟವಾಯಿತು. ಪೋರ್ಟ್ ಸಂಖ್ಯೆ 631. ಮುದ್ರಕದ ಸ್ಥಿತಿಗತಿ ತಿಳಿಯುವುದು, ಬಳಕೆದಾರರ ಗುರುತು ಪರಿಶೀಲಿಸುವುದು ಮತ್ತು ಗೂಢಲಿಪಿಯಲ್ಲಿ ದತ್ತಾಂಶ ಕಳುಹಿಸುವುದು ಇದರಲ್ಲಿ ಸಾಧ್ಯ.

ಲಿನಕ್ಸ್ ಮತ್ತು ಮ್ಯಾಕ್ ಗಣಕಯಂತ್ರಗಳಲ್ಲಿ ಮುದ್ರಣವನ್ನು ನಿರ್ವಹಿಸುವ ಕಪ್ಸ್ ತಂತ್ರಾಂಶವು ಐಪಿಪಿಯನ್ನು ಆಧರಿಸಿದೆ. ಮೈಕೆಲ್ ಸ್ವೀಟ್ ಇದನ್ನು 1997ರಲ್ಲಿ ಬರೆಯಲಾರಂಭಿಸಿದರು. 2007ರಲ್ಲಿ ಆಪಲ್ ಇದರ ಮೂಲ ಸಂಕೇತದ ಹಕ್ಕನ್ನು ಕೊಂಡುಕೊಂಡಿತು. ಐಪಿಪಿ ಬೆಂಬಲಿಸುವ ಹೊಸ ಮುದ್ರಕಗಳಿಗೆ ತಯಾರಕರ ಪ್ರತ್ಯೇಕ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ವಿಂಡೋಸ್ ಅಪ್‌ಡೇಟ್ ಮೂಲಕ ತಯಾರಕರ ಡ್ರೈವರ್‌ಗಳನ್ನು ಒದಗಿಸುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು.

ಐಪಿ ವಿಳಾಸ

ಜಾಲದಲ್ಲಿರುವ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸ ಇರಬೇಕು. ಸಾಮಾನ್ಯವಾಗಿ ರೂಟರ್ ಅಥವಾ ಸರ್ವರ್ ಡಿಎಚ್‌ಸಿಪಿ ಎಂಬ ಕ್ರಮದ ಮೂಲಕ ಈ ವಿಳಾಸವನ್ನು ನಿಗದಿತ ಅವಧಿಗೆ ಹಂಚುತ್ತದೆ. ಬಳಕೆದಾರರ ಗಣಕಯಂತ್ರಗಳಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅವುಗಳನ್ನು ಯಾರೂ ವಿಳಾಸ ಹಿಡಿದು ಹುಡುಕುವುದಿಲ್ಲ. ಮುದ್ರಕದ ಸ್ಥಿತಿ ಬೇರೆ. ವಿದ್ಯುತ್ ಹೋಗಿ ಬಂದ ಮೇಲೆ 192.168.1.20 ಎಂಬ ವಿಳಾಸದಲ್ಲಿದ್ದ ಮುದ್ರಕಕ್ಕೆ 192.168.1.35 ದೊರೆತರೆ, ಹಳೆಯ ವಿಳಾಸವನ್ನೇ ನಂಬಿದ ಗಣಕಯಂತ್ರಗಳ ಪಾಲಿಗೆ ಮುದ್ರಕ ಕಾಣೆಯಾದಂತೆಯೇ ಸರಿ. ನಿನ್ನೆಯವರೆಗೆ ಸರಿಯಾಗಿದ್ದ ಮುದ್ರಕ ಇಂದು ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಅನೇಕ ವೇಳೆ ಇದೇ ಕಾರಣವಾಗಿರುತ್ತದೆ.

ಇದನ್ನು ತಪ್ಪಿಸಲು ಎರಡು ಮಾರ್ಗಗಳಿವೆ. ಮೊದಲನೆಯದು, ಮುದ್ರಕದ ಹೊಂದಾಣಿಕೆಯಲ್ಲಿಯೇ ಸ್ಥಿರ ವಿಳಾಸವನ್ನು ಬರೆಯುವುದು. ಈ ವಿಳಾಸವು ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿರಬೇಕು. ಇಲ್ಲವಾದರೆ ಅದೇ ವಿಳಾಸ ಬೇರೊಂದು ಸಾಧನಕ್ಕೂ ದೊರೆತು ಘರ್ಷಣೆ ಉಂಟಾಗಬಹುದು. ಎರಡನೆಯದು, ಮುದ್ರಕದ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ರೂಟರ್‌ನಲ್ಲಿಯೇ ಕಾಯ್ದಿರಿಸುವುದು. ಎಲ್ಲ ವಿಳಾಸಗಳ ಪಟ್ಟಿಯೂ ಒಂದೇ ಕಡೆ ದೊರೆಯುವುದರಿಂದ ಎರಡನೆಯ ಮಾರ್ಗವು ನಿರ್ವಹಣೆಗೆ ಸುಲಭ.

ಸ್ಥಾಪನೆಯ ಹಂತಗಳು

1. ಮುದ್ರಕವನ್ನು ಈಥರ್ನೆಟ್ ತಂತಿಯಿಂದ ಸ್ವಿಚ್‌ಗೆ ಜೋಡಿಸಲಾಗುತ್ತದೆ. ವೈ-ಫೈ ಬಳಸುವುದಾದರೆ ಕಚೇರಿಯ ಮುಖ್ಯ ಜಾಲವನ್ನೇ ಆರಿಸಬೇಕು. ಅತಿಥಿಗಳ ವೈ-ಫೈಯನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಇಟ್ಟಿರುವುದರಿಂದ ಅಲ್ಲಿರುವ ಮುದ್ರಕ ಉಳಿದವರಿಗೆ ಕಾಣುವುದಿಲ್ಲ.
2. ಮುದ್ರಕದ ಫಲಕದಿಂದ ಹೊಂದಾಣಿಕೆಯ ಪುಟವನ್ನು ಮುದ್ರಿಸಿ ಐಪಿ ಮತ್ತು ಮ್ಯಾಕ್ ವಿಳಾಸಗಳನ್ನು ತಿಳಿದುಕೊಳ್ಳಲಾಗುತ್ತದೆ. ವಿಳಾಸವು 169.254 ಎಂದು ಆರಂಭವಾಗಿದ್ದರೆ ಮುದ್ರಕಕ್ಕೆ ಡಿಎಚ್‌ಸಿಪಿಯಿಂದ ವಿಳಾಸ ದೊರೆತಿಲ್ಲವೆಂದು ಅರ್ಥ.
3. ವಿಳಾಸವನ್ನು ಸ್ಥಿರಗೊಳಿಸಲಾಗುತ್ತದೆ.
4. ಆ ವಿಳಾಸವನ್ನು ಬ್ರೌಸರ್‌ನಲ್ಲಿ ನಮೂದಿಸಿದಾಗ ತೆರೆಯುವ ಮುದ್ರಕದ ಆಡಳಿತ ಪುಟದಲ್ಲಿ, ತಯಾರಕರು ನೀಡಿದ ಗುಪ್ತಪದವನ್ನು ಬದಲಾಯಿಸಲಾಗುತ್ತದೆ.
5. ಪ್ರತಿಯೊಂದು ಗಣಕಯಂತ್ರದಲ್ಲಿ ಅಥವಾ ಮುದ್ರಣ ಸರ್ವರ್‌ನಲ್ಲಿ ಮುದ್ರಕವನ್ನು ಸೇರಿಸಲಾಗುತ್ತದೆ. ತಾನಾಗಿ ಕಾಣಿಸದಿದ್ದರೆ ಐಪಿ ವಿಳಾಸ ನೀಡಿ ಸೇರಿಸಬಹುದು.
6. ಕಾಗದದ ಅಳತೆ, ಎರಡೂ ಬದಿಯ ಮುದ್ರಣ ಮತ್ತು ಕಪ್ಪು ಬಿಳುಪಿನ ಮುದ್ರಣವನ್ನು ಮೊದಲೇ ನಿಗದಿಪಡಿಸಿ ಪರೀಕ್ಷಾ ಪುಟವನ್ನು ಮುದ್ರಿಸಲಾಗುತ್ತದೆ.
7. ಮುದ್ರಕದ ಹೆಸರು, ವಿಳಾಸ ಮತ್ತು ಇರುವ ಸ್ಥಳವನ್ನು ದಾಖಲಿಸಿ, ವಿಳಾಸದ ಚೀಟಿಯನ್ನು ಮುದ್ರಕದ ಮೇಲೆ ಅಂಟಿಸುವುದು ಉಪಯುಕ್ತ ಅಭ್ಯಾಸ.

ಕನ್ನಡ ಪಠ್ಯದ ಮುದ್ರಣ

ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಜೋಡಿಸುವ ಕೆಲಸ ಸಾಮಾನ್ಯವಾಗಿ ಗಣಕಯಂತ್ರದಲ್ಲಿಯೇ ನಡೆಯುತ್ತದೆ. ಮುದ್ರಕಕ್ಕೆ ತಲುಪುವುದು ಸಿದ್ಧವಾದ ಅಕ್ಷರ ರೂಪಗಳು ಅಥವಾ ಪುಟದ ಚಿತ್ರ. ಹೀಗಾಗಿ ಮುದ್ರಕಕ್ಕೆ ಕನ್ನಡ ತಿಳಿದಿರಬೇಕಾದ ಅಗತ್ಯವಿಲ್ಲ. ಪರದೆಯ ಮೇಲೆ ಅಕ್ಷರಗಳು ಸರಿಯಾಗಿದ್ದು ಕಾಗದದಲ್ಲಿ ಒಡೆದು ಬಂದರೆ, ಡ್ರೈವರ್‌ನಲ್ಲಿ ಪುಟವನ್ನು ಚಿತ್ರರೂಪದಲ್ಲಿ ಕಳುಹಿಸುವ ಆಯ್ಕೆಯನ್ನು ಬಳಸಿ ನೋಡಬಹುದು.

ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳ ವಿಷಯ ಬೇರೆ. ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದು ಮುದ್ರಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಇದು ಮುದ್ರಕದ ದೋಷವಲ್ಲ. ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಆಗಿ ಉಳಿಸಿ ಮುದ್ರಿಸುವುದು, ಇಲ್ಲವೇ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಇದಕ್ಕೆ ಪರಿಹಾರ.

ಸುರಕ್ಷತೆ

ಜಾಲ ಮುದ್ರಕವನ್ನು ಕೇವಲ ಕಾಗದದ ಯಂತ್ರವೆಂದು ಭಾವಿಸಿ ಅದರ ರಕ್ಷಣೆಯನ್ನು ಕಡೆಗಣಿಸುವುದು ಸಾಮಾನ್ಯ. ಇದರ ಪರಿಣಾಮಗಳು ಹಲವು ಬಾರಿ ಬೆಳಕಿಗೆ ಬಂದಿವೆ.

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶವು ಗಣಕಯಂತ್ರದಿಂದ ಗಣಕಯಂತ್ರಕ್ಕೆ ಹರಡಲು ಬಳಸಿದ ಮಾರ್ಗಗಳಲ್ಲಿ ವಿಂಡೋಸ್‌ನ ಮುದ್ರಣ ಸ್ಪೂಲರ್‌ನ ದೋಷವೂ ಒಂದು. 2021ರಲ್ಲಿ ಅದೇ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ಗಂಭೀರ ದೋಷ ಬಹಿರಂಗವಾಯಿತು. ಅದರ ನಂತರ ಮುದ್ರಕದ ಡ್ರೈವರ್ ಸ್ಥಾಪಿಸಲು ಆಡಳಿತಗಾರರ ಅನುಮತಿ ಬೇಕಾಗುವಂತೆ ಮೈಕ್ರೋಸಾಫ್ಟ್ ನಿಯಮವನ್ನು ಬದಲಾಯಿಸಿತು. 2018ರ ಕೊನೆಯಲ್ಲಿ, ಅಂತರಜಾಲಕ್ಕೆ ತೆರೆದಿದ್ದ ಅಪಾರ ಸಂಖ್ಯೆಯ ಮುದ್ರಕಗಳಿಂದ ಒಬ್ಬ ಯೂಟ್ಯೂಬ್ ಪ್ರಸಿದ್ಧರನ್ನು ಬೆಂಬಲಿಸುವಂತೆ ಕೋರುವ ಕಾಗದಗಳು ತಾವಾಗಿಯೇ ಹೊರಬಂದವು. ತೆರೆದಿದ್ದ 9100 ಪೋರ್ಟ್ ಇದಕ್ಕೆ ದಾರಿಯಾಗಿತ್ತು.

ದೊಡ್ಡ ಮುದ್ರಕ ಮತ್ತು ನಕಲು ಯಂತ್ರಗಳ ಒಳಗಿರುವ ಹಾರ್ಡ್ ಡಿಸ್ಕ್‌ಗಳಲ್ಲಿ ಮುದ್ರಿಸಿದ ಕಡತಗಳ ಪ್ರತಿಗಳು ಉಳಿಯಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲ್ಯಾನ್ ಸಂಸ್ಥೆಯು ಬಾಡಿಗೆಗೆ ಪಡೆದಿದ್ದ ನಕಲು ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ್ದರಿಂದ ಜನರ ಆರೋಗ್ಯ ವಿವರಗಳು ಹೊರಬಿದ್ದವು. ಈ ಪ್ರಕರಣದಲ್ಲಿ ಅದು 2013ರಲ್ಲಿ 12 ಲಕ್ಷ ಡಾಲರ್‌ಗಿಂತ ಹೆಚ್ಚು ಹಣವನ್ನು ಸರ್ಕಾರಕ್ಕೆ ಪಾವತಿಸಲು ಒಪ್ಪಬೇಕಾಯಿತು.

ಇದಕ್ಕಿಂತ ಸರಳವಾದ, ದಿನನಿತ್ಯದ ಅಪಾಯವೆಂದರೆ ತಟ್ಟೆಯಲ್ಲಿ ಉಳಿದ ಕಾಗದ. ಸಂಬಳದ ಪಟ್ಟಿ, ಪ್ರಶ್ನೆಪತ್ರಿಕೆ ಅಥವಾ ರೋಗಿಯ ವರದಿಯನ್ನು ಮುದ್ರಿಸಿದವರು ಮುದ್ರಕದ ಬಳಿಗೆ ಬರುವ ಮೊದಲೇ ಬೇರೆಯವರು ಅದನ್ನು ನೋಡಬಹುದು. ಇದಕ್ಕಾಗಿ ಅನೇಕ ಮುದ್ರಕಗಳಲ್ಲಿ, ಬಳಕೆದಾರರು ಎದುರಿಗೆ ನಿಂತು ಸಂಕೇತ ಸಂಖ್ಯೆ ಒತ್ತಿದ ನಂತರವೇ ಮುದ್ರಣ ಆರಂಭವಾಗುವ ಸೌಲಭ್ಯವಿದೆ. ಮುದ್ರಕವನ್ನು ಅಂತರಜಾಲಕ್ಕೆ ತೆರೆಯದಿರುವುದು, ಬಳಸದ ಪ್ರೋಟೋಕಾಲ್‌ಗಳನ್ನು ಮುಚ್ಚುವುದು, ಒಳತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಮತ್ತು ವಿಲೇವಾರಿಗೆ ಮೊದಲು ಡಿಸ್ಕ್ ಅಳಿಸುವುದು ಇತರ ಮುಖ್ಯ ಕ್ರಮಗಳು.

ಸಾಮಾನ್ಯ ತೊಂದರೆಗಳು

ಮುದ್ರಕ ಆಫ್‌ಲೈನ್ ಎಂದು ತೋರುವುದು: ಮೊದಲು ಮುದ್ರಕದ ಈಗಿನ ವಿಳಾಸವು ಗಣಕಯಂತ್ರದಲ್ಲಿ ನಮೂದಾದ ವಿಳಾಸಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ವಿಳಾಸ ಸರಿಯಿದ್ದರೂ ವಿಂಡೋಸ್ ಹೀಗೆ ತೋರಿಸಿದರೆ, ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿ ಸಂದೇಶಕ್ಕೆ ಮುದ್ರಕ ಉತ್ತರಿಸದಿರುವುದು ಕಾರಣವಾಗಿರಬಹುದು. ಪೋರ್ಟ್‌ನ ಹೊಂದಾಣಿಕೆಯಲ್ಲಿ ಆ ಆಯ್ಕೆಯನ್ನು ತೆಗೆದರೆ ಸರಿಹೋಗುತ್ತದೆ.

ಕಾಗದವಿದ್ದರೂ ಕಾಗದ ಹಾಕಲು ಕೇಳುವುದು: ತಂತ್ರಾಂಶದಲ್ಲಿ ಅಮೆರಿಕದ ಲೆಟರ್ ಅಳತೆ ಆಯ್ಕೆಯಾಗಿದ್ದು ತಟ್ಟೆಯಲ್ಲಿ ಎ4 ಕಾಗದವಿದ್ದಾಗ ಹೀಗಾಗುತ್ತದೆ. ಲೆಟರ್ ಕಾಗದ ಸುಮಾರು 216 × 279 ಮಿಲಿಮೀಟರ್, ಎ4 ಕಾಗದ 210 × 297 ಮಿಲಿಮೀಟರ್. ಭಾರತದಲ್ಲಿ ಎ4 ಬಳಕೆಯಲ್ಲಿರುವುದರಿಂದ ಆರಂಭದಲ್ಲಿಯೇ ಇದನ್ನು ನಿಗದಿಪಡಿಸುವುದು ಒಳಿತು.

ಸರತಿ ಮುಂದೆ ಸಾಗದಿರುವುದು: ಮೊದಲ ಕಡತವನ್ನು ಅಳಿಸಿ ಸ್ಪೂಲರ್ ಸೇವೆಯನ್ನು ಮರಳಿ ಆರಂಭಿಸಬೇಕು. ಮುದ್ರಣ ಬರಲಿಲ್ಲವೆಂದು ಮತ್ತೆ ಮತ್ತೆ ಆದೇಶ ನೀಡಿದರೆ, ಅಡಚಣೆ ನಿವಾರಣೆಯಾದ ಕೂಡಲೇ ಎಲ್ಲ ಪ್ರತಿಗಳೂ ಒಟ್ಟಿಗೆ ಹೊರಬಂದು ಕಾಗದ ವ್ಯರ್ಥವಾಗುತ್ತದೆ.

ಅರ್ಥವಿಲ್ಲದ ಚಿಹ್ನೆಗಳ ಪುಟಗಳು: ತಪ್ಪು ಡ್ರೈವರ್ ಆಯ್ಕೆಯಾಗಿದ್ದಾಗ ಮುದ್ರಕವು ಪೋಸ್ಟ್‌ಸ್ಕ್ರಿಪ್ಟ್ ಆದೇಶಗಳನ್ನೇ ಪಠ್ಯವೆಂದು ತಿಳಿದು ಪುಟಗಟ್ಟಲೆ ಮುದ್ರಿಸುತ್ತದೆ. ಸರಿಯಾದ ಡ್ರೈವರ್ ಸ್ಥಾಪನೆಯೇ ಇದಕ್ಕೆ ಪರಿಹಾರ.

ಇವನ್ನೂ ನೋಡಿ

ಲೇಸರ್ ಮುದ್ರಕ
ಗಣಕಜಾಲ
ಈಥರ್ನೆಟ್
ಐಪಿ ವಿಳಾಸ
ಯೂನಿಕೋಡ್
ಸ್ವತಂತ್ರ ತಂತ್ರಾಂಶ