ಮೆಳೆಯ ಮುಳ್ಳು

ಮರಳುಗಾಡಿನಲ್ಲಿ ವಿಮಾನ ಕೆಟ್ಟು ನಿಂತಿದೆ. ಕುಡಿಯುವ ನೀರು ಮುಗಿಯುತ್ತ ಬಂದಿದೆ. ಪೈಲಟ್ ಎಂಜಿನ್ನಿನ ಒಂದು ಬಿಗಿ ಬೋಲ್ಟಿನ ಜೊತೆ ಹೆಣಗುತ್ತಿದ್ದಾನೆ. ಅದೇ ಹೊತ್ತಿಗೆ, ಯಾವುದೋ ಪುಟಾಣಿ ಗ್ರಹದಿಂದ ಬಂದ ಹುಡುಗನೊಬ್ಬ ಅವನ ಬೆನ್ನು ಹತ್ತಿದ್ದಾನೆ. ಕುರಿ ಮುಳ್ಳಿನ ಗಿಡವನ್ನೂ ತಿನ್ನುವುದಾದರೆ ಹೂವಿಗೆ ಮುಳ್ಳು ಯಾಕೆ ಬೇಕಿತ್ತು ಎಂಬುದು ಅವನ ಪ್ರಶ್ನೆ. ತಲೆ ಎತ್ತದ ಪೈಲಟ್, ಅದರಿಂದ ಏನೂ ಉಪಯೋಗವಿಲ್ಲ ಎಂದುಬಿಡುತ್ತಾನೆ. ಹುಡುಗನ ಮುಖ ಸಿಟ್ಟಿನಿಂದ ಬಿಳಿಚಿಕೊಳ್ಳುತ್ತದೆ. ಲಕ್ಷಾಂತರ ವರ್ಷಗಳಿಂದ ಗಿಡಗಳು ಮುಳ್ಳು ಬೆಳೆಸಿಕೊಳ್ಳುತ್ತಿವೆ, ಅದು ಯಾಕೆಂದು ತಿಳಿಯುವುದು ಬೋಲ್ಟಿಗಿಂತ ಕಡಿಮೆ ಕೆಲಸವೇ ಎಂದು ವಾದಕ್ಕೆ ನಿಲ್ಲುತ್ತಾನೆ.

ಇದು ಫ್ರೆಂಚ್ ಲೇಖಕ ಆಂತ್ವಾನ್ ದ ಸೇಂಟ್-ಎಕ್ಸುಪೆರಿ ಅವರ 'ಪುಟ್ಟ ರಾಜಕುಮಾರ'ನ ಏಳನೆಯ ಅಧ್ಯಾಯ. ಅವರೂ ವಿಮಾನ ಚಾಲಕರೇ. 1935ರ ಡಿಸೆಂಬರ್ ಕೊನೆಯಲ್ಲಿ ಅವರ ವಿಮಾನ ನಿಜಕ್ಕೂ ಸಹಾರಾದಲ್ಲಿ ಬಿದ್ದಿತ್ತು. ಫ್ರಾನ್ಸ್ ಜರ್ಮನರ ವಶದಲ್ಲಿದ್ದಾಗ, 1943ರ ಏಪ್ರಿಲ್‌ನಲ್ಲಿ, ಪುಸ್ತಕ ನ್ಯೂಯಾರ್ಕಿನಲ್ಲಿ ಹೊರಬಂತು. ಮರುವರ್ಷ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಹಾರಿಹೋದವರು ಮರಳಲೇ ಇಲ್ಲ. ಈ ಪುಸ್ತಕದಲ್ಲಿ ಬದುಕಿನ ಪಾಠ ಹುಡುಕುವವರು ಸಾಮಾನ್ಯವಾಗಿ ನರಿ ಹೇಳುವ ಸ್ನೇಹದ ಮಾತಿಗೆ ಬಂದು ನಿಲ್ಲುತ್ತಾರೆ. ನನಗೆ ಮಾತ್ರ ಮುಳ್ಳಿನ ಅಧ್ಯಾಯವೇ ದೊಡ್ಡದು. ಹುಡುಗನ ಆ ಪ್ರಶ್ನೆ ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಕಥೆಯಾಗಿರದೆ ಜನರ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ನಾನು ಹಳಿಯಾಳದ ಮೇದಾರರ ಮನೆಯವನು. ಮಾಸ್ತರಿಕೆ ಮಾಡಿ ನಿವೃತ್ತನಾದೆ. ಅವ್ವ ಬುಟ್ಟಿ, ಮೊರ, ಹೆಡಿಗೆ ಹೆಣೆಯುತ್ತಿದ್ದಳು. ಕಾಡಿನಿಂದ ಬಿದಿರು ತರುವುದು ಅಪ್ಪನ ಪಾಲಿನ ಕೆಲಸ. ಎಳೆಯದನ್ನು ಮುಟ್ಟುತ್ತಿರಲಿಲ್ಲ. ಎರಡು ಮೂರು ಮಳೆ ಕಂಡ ಗಳ, ಗೆಣ್ಣಿಗೂ ಗೆಣ್ಣಿಗೂ ನಡುವೆ ಉದ್ದ ಅಂತರವಿರುವುದು, ಅದನ್ನೇ ಹುಡುಕಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯುತ್ತಿದ್ದ. ಆ ದಿನಗಳಲ್ಲಿ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಅವ್ವ ಹಸಿ ಗಳವನ್ನು ಕತ್ತಿಯಿಂದ ನಾಲ್ಕಾಗಿ, ಎಂಟಾಗಿ ಸೀಳಿ, ಹೊರಮೈಯ ಗಟ್ಟಿ ಪದರವನ್ನು ಅಂಚಿಗೆಂದು ಬೇರೆ ಇಡುತ್ತಿದ್ದಳು. ಒಳಪದರ ಹೆಣಿಗೆಗೆ. ಸೀಳು ಒಂದೇ ದಪ್ಪಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ, ಹೆಬ್ಬೆರಳು ಸಾಕಾಗುತ್ತಿತ್ತು.

ನಮ್ಮ ಕಾಡಿನ ದೊಡ್ಡ ಬಿದಿರಿನ ಮೆಳೆಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು: ಬುಡದ ಗೆಣ್ಣುಗಳಿಂದ ಹೊರಟ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಆಳೆತ್ತರದ ಗೋಡೆ ಕಟ್ಟಿರುತ್ತವೆ. ಕೈ ಹಾಕಿದರೆ ಚರ್ಮ ಉಳಿಯುವುದಿಲ್ಲ. ಮಳೆ ಶುರುವಾಗಿ ಕೆಲವು ವಾರ ಕಳೆಯುತ್ತಲೇ ಈ ಗೋಡೆಯ ಒಳಗೆ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಮೇಲೇಳುತ್ತದೆ. ಕಳಲೆ ಯಾರಿಗೆ ಬೇಡ? ದನ, ಎಮ್ಮೆ, ಹಂದಿ, ಮುಳ್ಳುಹಂದಿ, ಮಂಗ, ಆನೆ, ಮನುಷ್ಯ ಎಲ್ಲರಿಗೂ ಬೇಕು. ತುದಿ ಕಡಿಸಿಕೊಂಡ ಕಳಲೆ ಗಳವಾಗುವುದಿಲ್ಲ. ಬದುಕಿಕೊಂಡದ್ದು ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟಿಬಿಡುತ್ತದೆ. ಹಾಗಾಗಿ ಮೆಳೆಯ ಅಳಿವು ಉಳಿವು ಆ ಮಳೆಗಾಲದ ದಿನಗಳಲ್ಲೇ ತೀರ್ಮಾನವಾಗುತ್ತದೆ.

ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳಿಗೆ ಸಾಗವಾನಿ ಮುಖ್ಯ, ಬಿದಿರು ಕಳೆ. ಸಾಗವಾನಿ ನೆಡುತೋಪಿನಲ್ಲಿ ಬಿದಿರು ಎದ್ದರೆ ಕಿತ್ತೆಸೆಯಬೇಕಾದ ಗಿಡ ಅದು. ಪುಟ್ಟ ರಾಜಕುಮಾರ ತನ್ನ ಗ್ರಹದಲ್ಲಿ ಬಾವೋಬಾಬ್ ಸಸಿಗಳನ್ನು ದಿನವೂ ಕೀಳುತ್ತಾನೆ, ನಿಜ. ಆದರೆ ಅವನು ಎಳೆ ಸಸಿಯ ಮುಂದೆ ಕೂತು, ಗುಲಾಬಿಯೋ ಬಾವೋಬಾಬೋ ಎಂದು ಗುರುತು ಹಿಡಿದ ಮೇಲೆ ಕೈ ಹಾಕುತ್ತಾನೆ. ಅಷ್ಟು ತಾಳ್ಮೆ ಆ ಅಧಿಕಾರಿಗಳಿಗೆ ಇರಲಿಲ್ಲ. ಬಿದಿರಿನಿಂದ ಕಾಗದ ಆಗುತ್ತದೆ ಎಂದು ಗೊತ್ತಾದಾಗ ಅದೇ ಕಳೆ ರಾತ್ರೋರಾತ್ರಿ ಸಂಪತ್ತಾಯಿತು.

1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು. ಕಾಳಿ ನದಿಯ ನೀರು ಪಕ್ಕದಲ್ಲೇ, ಸುತ್ತ ಬಿದಿರಿನ ಕಾಡು, ಅಳ್ನಾವರಕ್ಕೆ ರೈಲು ಹಳಿ. ಸಾವಿರಾರು ಜನಕ್ಕೆ ಅನ್ನ ಕೊಟ್ಟ ಕಾರ್ಖಾನೆ ಅದು, ಆ ಮಾತನ್ನು ಮರೆಮಾಚುವಂತಿಲ್ಲ. ಆದರೆ ಸರ್ಕಾರ ಅದಕ್ಕೆ ಬಿದಿರು ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಒಂದೂವರೆ ರೂಪಾಯಿಗೆ ಸಿಗುವ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಮುಂಡಗೋಡ, ಯಲ್ಲಾಪುರ ಕಡೆಯಿಂದ ಬಿದಿರು ಹೇರಿಕೊಂಡ ಲಾರಿಗಳು ನಮ್ಮೂರು ದಾಟಿ ದಾಂಡೇಲಿಗೆ ಹೋಗುವುದನ್ನು ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

ಕಡಿಯುವುದಕ್ಕೆ ಅಡ್ಡಿಯಾಗಿದ್ದದ್ದು ಮುಳ್ಳು. ಬುಡದ ಮುಳ್ಳು ಸವರಿ ಮೆಳೆ ಬಿಡಿಸಿದರೆ ಒಳಗೆ ಹೋಗುವುದು ಸಲೀಸು, ಹೊಸ ಮೊಳಕೆಗೂ ಜಾಗವಾಗಿ ಗಳ ನೆಟ್ಟಗೆ ಬೆಳೆಯುತ್ತದೆ ಎಂಬುದು ಅರಣ್ಯ ಶಾಸ್ತ್ರದ ಲೆಕ್ಕ. ಹಾಗಾಗಿ ಮುಳ್ಳು ಸವರುವುದು ಇಲಾಖೆಯ ಪದ್ಧತಿಯೇ ಆಯಿತು. ಹಳ್ಳಿಯವರು ಇದನ್ನು ಒಪ್ಪಲಿಲ್ಲ. ಅಪ್ಪನ ಮಾತು ಈಗಲೂ ಕಿವಿಯಲ್ಲಿದೆ: "ಮುಳ್ಳ ಅಂದ್ರ ಮೆಳೀ ಬೇಲಿ. ಬೇಲಿ ಕಿತ್ತ ಮ್ಯಾಲ ಎಮ್ಮಿಗೆ ಯಾರ ಹೇಳಾವ್ರು, ಕಳಲಿ ತಿನಬ್ಯಾಡ ಅಂತ?" ಎಮ್ಮೆ ಮೇಯಿಸುವ ಗೌಳಿಗರೂ ಇದನ್ನೇ ಹೇಳುತ್ತಿದ್ದರು. ತಮ್ಮ ಎಮ್ಮೆಗೆ ಮೇವು ಸಿಕ್ಕಿತೆಂದು ಅವರು ಸುಮ್ಮನಿರಬಹುದಿತ್ತು, ಇರಲಿಲ್ಲ.

1970ರ ದಶಕದ ನಡುವಿನ ಹೊತ್ತಿಗೆ ಬಿದಿರು ಸಿಗದೆ ಬುಟ್ಟಿ ನೇಯುವವರು ಪ್ರತಿಭಟನೆಗೆ ಇಳಿದರು. ಕಾಡು ಬರಿದಾಗುತ್ತಿದೆಯೇ ಎಂದು ನೋಡುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಪಾಲಿಗೆ ಬಂತು. ಅವರೂ ಎಸ್. ಎನ್. ಪ್ರಸಾದರೂ ಉತ್ತರ ಕನ್ನಡದ ಮೆಳೆಗಳ ನಡುವೆ ಓಡಾಡಿ, ಹಳ್ಳಿಯವರ ಮಾತು ಕೇಳಿ, ಮುಳ್ಳು ಸವರಿದ ಮೆಳೆಯಲ್ಲಿ ಏನಾಗುತ್ತದೆ, ಸವರದಿದ್ದಲ್ಲಿ ಏನಾಗುತ್ತದೆ ಎಂದು ಪರೀಕ್ಷಿಸಿದರು. ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳಿನ ಕಾವಲು ತಪ್ಪಿದ ಮೆಳೆಯಲ್ಲಿ ಕಳಲೆ ದನಕ್ಕೂ ಕಾಡುಪ್ರಾಣಿಗೂ ಬಾಯಿತುತ್ತಾಗಿ, ಹೊಸ ಗಳ ಏಳುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು: ಕಾಗದದ ಮೇಲೆ ತೋರಿಸಿದ್ದಷ್ಟು ಬಿದಿರು ಕಾಡಿನಲ್ಲಿ ಇರಲೇ ಇಲ್ಲ. ರಾಜಕುಮಾರ ನಾಲ್ಕನೆಯ ಗ್ರಹದಲ್ಲಿ ಕಾಣುವ ವ್ಯಾಪಾರಿ ನಕ್ಷತ್ರಗಳನ್ನು ಎಣಿಸಿ, ಸಂಖ್ಯೆ ಬರೆದಿಟ್ಟು, ಅವೆಲ್ಲ ತನ್ನವೆನ್ನುತ್ತಾನೆ. ಅವನ ಎಣಿಕೆಯಿಂದ ನಕ್ಷತ್ರಗಳಿಗೆ ನಷ್ಟವಿಲ್ಲ. ನಮ್ಮಲ್ಲಿ ತಪ್ಪು ಎಣಿಕೆಯನ್ನು ನಂಬಿ ಕಡಿದರು.

ಈ ಪ್ರಸಂಗದಲ್ಲಿ ನನಗೆ ಬಹಳ ಹಿಡಿಸುವುದು ವಿಜ್ಞಾನಿಗಳು ಕೇಳಿಸಿಕೊಂಡ ರೀತಿ. ಓದುಬರಹ ಇಲ್ಲದವರು ಹೇಳಿದ್ದನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ, ಜನರ ಮಾತೆಂದು ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಮೆಳೆಯ ಹತ್ತಿರ ಹೋಗಿ ನೋಡಿದರು. ಪೈಲಟ್ ಕೂಡ ಕೊನೆಗೆ ಮಾಡುವುದು ಅದನ್ನೇ: ಸುತ್ತಿಗೆ, ಬೋಲ್ಟು, ಬಾಯಾರಿಕೆ ಎಲ್ಲ ಬದಿಗಿಟ್ಟು ಹುಡುಗನನ್ನು ತೋಳಿನಲ್ಲಿ ಎತ್ತಿಕೊಂಡು ತೂಗುತ್ತಾನೆ.

ಆಮೇಲಿನ ಇತಿಹಾಸ ಬೇಗ ಹೇಳಬಹುದು. ಹತ್ತಿರದ ಬಿದಿರು ಸಾಲದಾಗಿ ಕಾಗದಕ್ಕೆ ದೂರದೂರದ ಬಿದಿರು, ಮುಂದೆ ನೀಲಗಿರಿ, ಸುಬಾಬುಲ್ ಬಂದವು. ನಮ್ಮ ಓಣಿಯಲ್ಲಿ ಹೆಣೆಯುವವರು ಕಡಿಮೆಯಾದರು, ಪ್ಲಾಸ್ಟಿಕ್ ಮೊರ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿತು. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಕಣ್ಣಿನಲ್ಲಿ ಮರವಲ್ಲ ಎಂದಾಯಿತು. ಮೇದಾರರಿಗೆ ಇವು ಅರವತ್ತು ವರ್ಷ ತಡವಾಗಿ ಬಂದ ನ್ಯಾಯ. ತಡವಾದರೂ ನ್ಯಾಯವೇ.

ಈ ಪುಸ್ತಕವನ್ನು ಮಕ್ಕಳಿಗೆ ಓದಿಸುವ ಮಾಸ್ತರರಿಗೆ, ಅಕ್ಕೋರಿಗೆ ನನ್ನದೊಂದು ವಿನಂತಿ. ಏಳನೆಯ ಅಧ್ಯಾಯ ಮುಗಿದ ಮೇಲೆ ಪ್ರಶ್ನೋತ್ತರ ಬರೆಸಬೇಡಿ. ಜುಲೈ ತಿಂಗಳಲ್ಲಿ ಒಂದು ದಿನ ಮಕ್ಕಳನ್ನು ಊರ ಹೊರಗಿನ ಯಾವುದಾದರೂ ಬಿದಿರು ಮೆಳೆಯ ಹತ್ತಿರ ಕರೆದುಕೊಂಡು ಹೋಗಿ. ಮುಳ್ಳು ಇರುವ ಮೆಳೆಯಲ್ಲಿ ಎಷ್ಟು ಕಳಲೆ ಎದ್ದಿದೆ, ಇಲ್ಲದ್ದರಲ್ಲಿ ಎಷ್ಟು ಎಂದು ಅವರೇ ಎಣಿಸಲಿ. ಜೊತೆಗೆ ಮೇದಾರರ ಹಿರಿಯರೊಬ್ಬರನ್ನು ಕರೆಯಿರಿ, ಅವರ ದಿನದ ಕೂಲಿ ಕೊಟ್ಟು ಕರೆಯಿರಿ.